ಡ್ರೆಸಿಂಗಮ್ಮನ ನಾಲಿಗೆ

ಕನ್ನಡಕದ ಗಾಜು ಉಜ್ಜುವ ಆ ಕಾರ್ಖಾನೆಯಲ್ಲಿ ನೂರ ನಲವತ್ತು ಜನ ಕೆಲಸ ಮಾಡುತ್ತಿದ್ದರು. ಬೆಳಗಿನಿಂದ ತಿರುಗುವ ಚಕ್ರಗಳ ಮುಂದೆ ಕತ್ತು ಬಗ್ಗಿಸಿ ಕೂತವರು ಮಧ್ಯಾಹ್ನದ ಗಂಟೆ ಹೊಡೆದದ್ದೇ ತಡ, ಕ್ಯಾಂಟೀನಿಗೆ ನುಗ್ಗುತ್ತಿದ್ದರು. ಅಲ್ಲಿ ಬಿಸಿ ಊಟದ ಪಾತ್ರೆಗಳಿಗಿಂತ ಮೊದಲು ಖಾಲಿಯಾಗುತ್ತಿದ್ದದ್ದು ಸಲಾಡಿನ ತಟ್ಟೆ. ಹೆಚ್ಚಿಟ್ಟ ಸೌತೆಕಾಯಿ, ಎಲೆಕೋಸು, ಕ್ಯಾರೆಟ್ಟಿಗೆ ಯಾರೂ ಹಾಗೆ ಮುಗಿಬೀಳುವುದಿಲ್ಲ. ಅವರು ಮುಗಿಬೀಳುತ್ತಿದ್ದದ್ದು ಅದರ ಮೇಲೆ ಸುರಿಯುವ ದಪ್ಪನೆಯ, ಬಿಳಿಯ, ಕೆನೆಯಂಥ ಡ್ರೆಸಿಂಗಿಗೆ. ಅದನ್ನು ಮಾಡುತ್ತಿದ್ದ ಹೆಂಗಸಿಗೆ ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಆಕೆ ಡ್ರೆಸಿಂಗಮ್ಮ.

ಈ ಹೆಸರು ಬಿದ್ದ ಸುದ್ದಿಯನ್ನು ಆಕೆ ಮನೆಗೆ ಬಂದು ಹೇಳಿದಾಗ ಗಂಡ ಗಾಬರಿಯ ಮುಖ ಮಾಡಿದ್ದರು.

“ಡ್ರೆಸಿಂಗಾ? ಯಾರಿಗೆ ಗಾಯ ಆಯ್ತೇ? ಹತ್ತಿ ಎಲ್ಲಿ, ಬ್ಯಾಂಡೇಜ್ ಎಲ್ಲಿ?”

“ನಿಮ್ಮ ತಲೆ. ತಿನ್ನೋ ಡ್ರೆಸಿಂಗು ಕಣ್ರೀ.”

“ಓಹೋ, ತರಕಾರಿಗೆ ಬಟ್ಟೆ ತೊಡ್ಸೋದಾ!”

ಗಂಡನ ಬಾಯಿ ಸುಮ್ಮನಿರುವ ಬಾಯಲ್ಲ. ಒಂಬತ್ತು ಅಂತಸ್ತಿನ ಒಂದು ಕಚೇರಿ ಕಟ್ಟಡದಲ್ಲಿ ಅವರು ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದ್ದರು. ಆಮೇಲೆ ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟ್ ಬಂತು. ಅವರನ್ನು ಸ್ಟೂಲಿನ ಸಮೇತ ಮನೆಗೆ ಕಳಿಸಿದರು. “ಮೂವತ್ತೊಂದು ವರ್ಷ ದಿನಾ ಮೇಲೆ ಹೋದೆ. ಆದ್ರೂ ಎಲ್ಲಿ ಹತ್ತಿದ್ನೋ ಅಲ್ಲೇ ಇಳ್ದೆ” ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಇಬ್ಬರಿಗೂ ಮಕ್ಕಳಿರಲಿಲ್ಲ. ಎರಡು ಕೋಣೆಯ ಮನೆ, ಅಡುಗೆಮನೆಯ ಕಿಟಕಿಯಾಚೆ ಯಾರದೋ ಬಟ್ಟೆ ಒಣಗುವ ತಂತಿ, ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಗಂಡನ ತಂಗಿ. ಇಷ್ಟೇ ಅವರ ಲೋಕ.

ಡ್ರೆಸಿಂಗ್ ಮಾಡುವುದು ನೋಡುವುದಕ್ಕೆ ಸಲೀಸು, ಮಾಡಹೋದರೆ ಜೀವ ತಿನ್ನುವ ಕೆಲಸ. ಹಿಂದಿನ ಸಂಜೆಯೇ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ತೂಗುಹಾಕಬೇಕು. ಬೆಳಗಾಗುವುದರೊಳಗೆ ಅದರ ನೀರೆಲ್ಲ ಇಳಿದು ಗಟ್ಟಿಯಾಗಿರಬೇಕು. ಎರಡು ಡಜನ್ ಮೊಟ್ಟೆ ಬೇಯಿಸಿ, ಹಳದಿಯನ್ನಷ್ಟೇ ತೆಗೆದು, ಮರದ ಸೌಟಿನ ಬೆನ್ನಿನಿಂದ ಒಂದೇ ಒಂದು ಗಂಟಿಲ್ಲದ ಹಾಗೆ ಅರೆಯಬೇಕು. ಅದಕ್ಕೆ ಸಾಸಿವೆ ಪುಡಿ, ಕಾಳುಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಒಂದಿಷ್ಟು ಸಕ್ಕರೆ. ಆಮೇಲೆ ಎಣ್ಣೆ. ಎಣ್ಣೆ ನೂಲಿನೆಳೆಯಷ್ಟು ಸಣ್ಣಗೆ ಬೀಳುತ್ತಿರಬೇಕು. ಒಂದು ಕೈ ಸುರಿಯುವಾಗ ಇನ್ನೊಂದು ಕೈ ಒಂದೇ ದಿಕ್ಕಿಗೆ ಕಡೆಯುತ್ತಲೇ ಇರಬೇಕು. ಅವಸರ ಮಾಡಿದಿರೋ, ಎಣ್ಣೆ ಒಂದು ಕಡೆ, ಹಳದಿ ಒಂದು ಕಡೆ, ಎಲ್ಲ ಒಡೆದು ಕೂತುಬಿಡುತ್ತದೆ. ಕೊನೆಯಲ್ಲಿ ನಿಂಬೆರಸ, ಮೊಸರು. ಸೌಟಿನ ಬೆನ್ನ ಮೇಲೆ ಬೆರಳಿನಿಂದ ಗೀರೆಳೆದರೆ ಗೀರು ಹಾಗೇ ನಿಲ್ಲಬೇಕು. ನಿಂತರೆ ಆಯಿತು.

ಆದರೆ ಇದೆಲ್ಲ ಕೈಯ ಕೆಲಸ. ಉಪ್ಪು, ಹುಳಿ, ಖಾರ, ಸಿಹಿ ಒಂದನ್ನೊಂದು ತುಳಿಯದಂತೆ ನೋಡಿಕೊಳ್ಳುವುದು ನಾಲಿಗೆಯ ಕೆಲಸ. ದಿನಕ್ಕೊಂದು ಥರ ಬರುವ ನಿಂಬೆಹಣ್ಣು, ವಾರಕ್ಕೊಂದು ಥರ ಹುಳಿಯುವ ಮೊಸರು. ಅಳತೆ ಮಾಡಿ ಹಾಕಿದರೂ ಕಡೆಗೆ ಒಂದು ಚಮಚ ಬಾಯಿಗಿಟ್ಟು ನೋಡಲೇಬೇಕು.

ಆಕೆಯ ಐವತ್ತನೆಯ ವಯಸ್ಸಿನಲ್ಲಿ ಒಂದು ಜ್ವರ ಬಂತು. ಹನ್ನೊಂದು ದಿನ ಮಲಗಿದ್ದಳು. ಜ್ವರ ಬಿಟ್ಟ ದಿನ ಗಂಡ ಕಾಫಿ ತಂದುಕೊಟ್ಟರು. ಕುಡಿದು, “ಇದೇನ್ರೀ, ಬರೀ ಬಿಸಿನೀರು ತಂದಿದೀರಲ್ಲ?” ಎಂದಳು. ಅವರು ಲೋಟ ಕಸಿದುಕೊಂಡು ಒಂದು ಗುಟುಕು ಕುಡಿದರು. ಒಳಗೆ ಹೋಗಿ ಬೆಳ್ಳುಳ್ಳಿಯ ಒಂದು ಎಸಳು ಜಜ್ಜಿ ತಂದು ಅವಳ ಮೂಗಿನ ಕೆಳಗೆ ಹಿಡಿದರು.

“ಏನ್ ವಾಸನೆ ಹೇಳು.”

“ಏನೂ ಇಲ್ಲ.”

“ಜೋರಾಗಿ ಎಳ್ಕೋ.”

ಎಳೆದುಕೊಂಡಳು. ತಣ್ಣಗೆ ಗಾಳಿ ಒಳಗೆ ಹೋಯಿತು, ಬೇರೇನೂ ಇಲ್ಲ. ಬೆಳ್ಳುಳ್ಳಿಯನ್ನು ಬಾಯಿಗೆ ಹಾಕಿಕೊಂಡು ಜಗಿದಳು. ನಾಲಿಗೆ ಚುರ್ ಎಂದಿತು, ಅಷ್ಟೇ. ಉಪ್ಪು ಇಟ್ಟರೆ ಯಾವುದೋ ಪುಡಿ ಕರಗಿದ ಹಾಗೆ, ನಿಂಬೆ ಹಿಂಡಿದರೆ ಹಲ್ಲು ಮಾತ್ರ ಜುಮ್ ಎಂದ ಹಾಗೆ. ತಿಂಗಳಲ್ಲಿ ಸರಿಹೋಗಬಹುದು ಎಂದರು ಡಾಕ್ಟರು. ಆರು ತಿಂಗಳಾದ ಮೇಲೆ, ಕೆಲವರಿಗೆ ಸರಿಹೋಗುವುದಿಲ್ಲ ಎಂದರು.

ಕ್ಯಾಂಟೀನಿನಲ್ಲಿ ಹೇಳಿದರೆ ಒಲೆಯ ಮುಂದಿನಿಂದ ಎಬ್ಬಿಸುತ್ತಾರೆಂದು ಆಕೆಗೆ ಗೊತ್ತಿತ್ತು. ಹದಿನೆಂಟು ವರ್ಷ ಮಾಡಿಕೊಂಡು ಬಂದ ಕೆಲಸ. ಆಕೆಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ, ಬೇರೆ ಹೆಮ್ಮೆಯೂ ಇರಲಿಲ್ಲ. ಜ್ವರದ ಮೇಲೆ ಕೆಲಸಕ್ಕೆ ಹೊರಡುವ ಮುಂಚಿನ ದಿನ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಅತ್ತಳು. ಗಂಡ ಪಕ್ಕದಲ್ಲಿ ಬಂದು ಕೂತರು.

“ಅಳೋದು ಯಾಕೆ? ನಿನ್ ನಾಲಿಗೆ ಹೋದ್ರೆ ನಂದಿಲ್ವಾ? ಇಷ್ಟು ವರ್ಷ ನೀನು ಮಾಡ್ಹಾಕಿದ್ದು ತಿಂದೂ ತಿಂದೂ ಅದೂ ನಿನ್ನ ನಾಲಿಗೇನೇ ಆಗೋಗಿದೆ. ಇಲ್ಲೇ ಮಾಡು, ನಾನು ರುಚಿ ನೋಡ್ತೀನಿ, ಡಬ್ಬಿಗೆ ತುಂಬ್ಕೊಂಡು ಹೋಗು.”

ಕ್ಯಾಂಟೀನಿನ ಉಸ್ತುವಾರಿ ಒಬ್ಬರು ಮೇಡಂ ಅವರದು. ಅಲ್ಲಿನ ಸೆಕೆಗೆ ಡ್ರೆಸಿಂಗ್ ಒಡೆದುಹೋಗುತ್ತಿದೆ, ಮನೆಯಲ್ಲೇ ತಣ್ಣಗೆ ಮಾಡಿ ತರುತ್ತೇನೆ ಎಂದು ಆಕೆ ಅವರಿಗೆ ಹೇಳಿದಳು. ಮೇಡಂ ಒಪ್ಪಿದರು. ಅಂದಿನಿಂದ ಸಾಮಾನು ಮನೆಗೆ ಬರತೊಡಗಿತು. ಬೆಳಗ್ಗೆ ಐದೂವರೆಗೆ ಗಂಡ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಕಾಫಿಯನ್ನೂ ಕುಡಿಯದೆ ಮೇಜಿನ ಮುಂದೆ ಕೂರುತ್ತಿದ್ದರು. ಕಾಫಿ ಕುಡಿದರೆ ನಾಲಿಗೆ ಕೆಡುತ್ತದಂತೆ. ಆಕೆ ಒಂದು ಚಮಚ ಡ್ರೆಸಿಂಗನ್ನು ಸೌತೆಕಾಯಿಯ ಬಿಲ್ಲೆಯ ಮೇಲೆ ಹಾಕಿ ಕೊಡುವಳು. ಅವರು ಕಣ್ಣು ಮುಚ್ಚಿಕೊಂಡು ಜಗಿದು, ನ್ಯಾಯಾಧೀಶರ ಹಾಗೆ ತೀರ್ಪು ಕೊಡುವರು.

“ಉಪ್ಪು ಸರಿ. ಹುಳಿ ಮುಂದೆ ಬಂದು ನಿಂತಿದೆ, ಅದನ್ನ ಒಂಚೂರು ಹಿಂದೆ ಕಳ್ಸು.”

ಆಕೆ ಚಿಟಿಕೆ ಸಕ್ಕರೆ ಹಾಕಿ ಕಡೆದು ಮತ್ತೆ ಕೊಡುವಳು.

“ಹಾಂ. ಈಗ ಎಲ್ಲಾರೂ ಲೈನಲ್ಲಿ ನಿಂತ್ರು. ಬಾಗ್ಲು ಹಾಕು, ಲಿಫ್ಟ್ ಹೊರಡಲಿ.”

ಮೊದಲ ವರ್ಷದಲ್ಲೇ ಅವರು ಒಂದು ಹಾಳೆಯ ಮೇಲೆ ಅಳತೆಗಳನ್ನೆಲ್ಲ ದುಂಡಗೆ ಬರೆದು ಕಪಾಟಿನ ಬಾಗಿಲ ಒಳಗಡೆ ಅಂಟಿಸಿದರು: ಉಪ್ಪು ಆರು ಚಿಕ್ಕ ಚಮಚ, ನಿಂಬೆ ಒಂಬತ್ತು, ಚಿಕ್ಕದಾದರೆ ಹನ್ನೊಂದು. ಆಮೇಲೆ ಐದು ಲೀಟರಿನ ಸ್ಟೀಲ್ ಡಬ್ಬಿಗೆ ತುಂಬಿ, ಒದ್ದೆ ಟವೆಲ್ ಸುತ್ತಿ, ಬಸ್ ನಿಲ್ದಾಣದವರೆಗೆ ತಾವೇ ಹೊತ್ತು ತಂದುಕೊಡುತ್ತಿದ್ದರು. ಬಸ್ಸು ಹೊರಟ ಮೇಲೂ ಕೈ ಮೇಲೆತ್ತಿ ನಿಂತಿರುತ್ತಿದ್ದರು. ಸಂಜೆ ಆಕೆ ಬಾಗಿಲು ತೆರೆಯುವುದರೊಳಗೆ ಅವರ ಪ್ರಶ್ನೆ: “ಏನಂದ್ರು?”

“ತಟ್ಟೆ ನೆಕ್ಕಿದ್ರು ಕಣ್ರೀ.”

ಅವರ ಮುಖ ಅರಳುತ್ತಿತ್ತು. ಹೊಗಳಿಕೆ ಯಾರಿಗೆ ಸೇರಬೇಕೋ ಅವರಿಗೇ ಸೇರಿತು ಎಂದು ಆಕೆಗೂ ಸಮಾಧಾನ. ನಿಜ ಹೇಳಬೇಕೆಂದರೆ, ಮದುವೆಯಾದ ಮೇಲೆ ಅವರಿಬ್ಬರೂ ಅತಿ ಹತ್ತಿರವಿದ್ದದ್ದು ಆ ಐದು ವರ್ಷಗಳಲ್ಲಿ. ಆಕೆಗೆ ಊಟವೆಂದರೆ ಬಿಸಿ, ತಣ್ಣನೆ, ಮೆತ್ತಗೆ, ಗರಿಗರಿ, ಇಷ್ಟೇ ಆಗಿಹೋಗಿತ್ತು. ರುಚಿಯನ್ನು ಅವರ ಬಾಯಿಂದ ಕೇಳಿ ತಿಳಿಯುತ್ತಿದ್ದಳು. ಹಣ್ಣು ತಿನ್ನುವಾಗ ಅವರು ಕೇಳದಿದ್ದರೂ ಹೇಳುತ್ತಿದ್ದರು: “ಇದು ಮೇಲೆ ಸಿಹಿ, ಒಳಗೆ ಸ್ವಲ್ಪ ಕಳ್ಳ ಹುಳಿ.”

ಆರನೆಯ ವರ್ಷ ಅವರ ಕರುಳಿನಲ್ಲಿ ಗೆಡ್ಡೆ ಕಾಣಿಸಿತು. ಆಪರೇಷನ್ ಮಾಡುವ ಹಂತ ದಾಟಿದೆ ಎಂದು ಮೂರು ವಾರಕ್ಕೊಮ್ಮೆ ಔಷಧಿ ಏರಿಸತೊಡಗಿದರು. ಆ ದಿನಗಳಲ್ಲಿ ಆಕೆಯ ನಾದಿನಿ ಹೊಲಿಗೆ ಅಂಗಡಿ ಮುಚ್ಚಿ ಅಣ್ಣನನ್ನು ಆಸ್ಪತ್ರೆಗೆ ಕರೆದೊಯ್ಯುವಳು. ಆಕೆ ಕೆಲಸಕ್ಕೆ ಹೋಗಲೇಬೇಕೆಂದು ಗಂಡನದೇ ಹಟ. “ನೀನು ರಜೆ ಹಾಕಿದ್ರೆ ನೂರ ನಲವತ್ತು ಜನ ಒಣ ಎಲೆ ತಿನ್ಬೇಕು. ಆ ಪಾಪ ನನಗ್ಯಾಕೆ?”

ಅವರು ಇಳಿದುಹೋದರು. ಅಂಗಿಯೊಳಗೆ ಭುಜ ಹುಡುಕುವಂತಾಯಿತು. ಡಬ್ಬಿ ಎತ್ತಲಾಗುತ್ತಿರಲಿಲ್ಲ. ಆದರೂ ಬೆಳಗ್ಗೆ ಐದೂವರೆಗೆ ಗೋಡೆ ಹಿಡಿದುಕೊಂಡು ಬಂದು ಮೇಜಿನ ಮುಂದೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಕಣ್ಣು ಮುಚ್ಚಿ ಜಗಿಯುವರು. ಈಗ ನುಂಗುವುದಕ್ಕೆ ತುಸು ಹೊತ್ತು ಬೇಕಾಗುತ್ತಿತ್ತು.

“ಉಪ್ಪು ಸಾಲ್ದು.”

ಆಕೆ ಹಾಕಿದಳು.

“ಇನ್ನೊಂಚೂರು.”

ಏಳು ಚಮಚವಾಯಿತು. ಮುಂದಿನ ತಿಂಗಳು ಎಂಟು. ಒಂದು ದಿನ ಹತ್ತನೆಯ ಚಮಚ ತುಂಬಿ ಹಿಡಿದುಕೊಂಡು ಆಕೆ ಹಾಗೇ ನಿಂತಳು.

“ಹತ್ತಾಗ್ತಿದೆಯಲ್ರೀ? ನೀವು ಬರೆದಿದ್ದು ಆರು.”

“ಈಗಿನ ಉಪ್ಪಲ್ಲಿ ಸತ್ವ ಎಲ್ಲಿದೆಯೇ? ಎಲ್ಲಾ ಪೊಳ್ಳು. ಹಾಕು, ನಾನು ಹೇಳ್ತಿಲ್ವಾ?”

ಹಾಕಿದಳು. ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿದ್ದು ನಿಜ. ಆದರೆ ಆ ಚುಚ್ಚಿದ್ದನ್ನು ಹಿಡಿದೆಳೆದು ನೋಡುವ ಧೈರ್ಯ ಆಕೆಗಿರಲಿಲ್ಲ. ಇನ್ನೊಂದು ದಿನ ಅವರು, “ಇವತ್ತು ಹುಳಿ ಸ್ವಲ್ಪ ಜಾಸ್ತಿ” ಎಂದರು. ಮತ್ತೊಂದು ದಿನ, “ಬೆಳ್ಳುಳ್ಳಿ ಗಟ್ಟಿಯಾಗಿ ಮಾತಾಡ್ತಿದೆ” ಎಂದರು. ಇಷ್ಟು ಬಿಡಿಸಿ ಹೇಳುವ ನಾಲಿಗೆಯ ಮೇಲೆ ಸಂಶಯಪಡುವುದು ಹೇಗೆ?

ಕ್ಯಾಂಟೀನಿನಲ್ಲಿ ಜನ ಏನೂ ಹೇಳಲಿಲ್ಲ. ಒಂದೆರಡು ಸಲ ಆಕೆ ಪಾತ್ರೆ ತೊಳೆಯುವ ಕಡೆ ಹೋದಾಗ, ಅಲ್ಲಿನ ಹೆಂಗಸು ಡ್ರೆಸಿಂಗಿನ ಪಾತ್ರೆಯನ್ನು ತರಾತುರಿಯಲ್ಲಿ ನೀರಿನೊಳಗೆ ಮುಳುಗಿಸಿದಳು. “ಎಲ್ಲಾ ಖಾಲಿಯಾಯ್ತಾ?” ಎಂದರೆ, “ಆಯ್ತಕ್ಕ, ಆಯ್ತು” ಎಂದು ಮುಖ ತಿರುಗಿಸಿದಳು. ಆಕೆ ಡಬ್ಬಿ ತೊಳೆದುಕೊಂಡು ಮನೆಗೆ ಬರುವಳು.

“ಏನಂದ್ರು?” ದಿಂಬಿಗೊರಗಿದ ದನಿ ಈಗ ತೀರ ತೆಳುವಾಗಿತ್ತು.

“ತಟ್ಟೆ ನೆಕ್ಕಿದ್ರು.”

ಅವರು ತೀರಿಕೊಂಡದ್ದು ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆಗೆ, ಆಸ್ಪತ್ರೆಯಲ್ಲಿ. ಅಂದು ಆಕೆ ರಜೆ ಹಾಕಿದ್ದಳು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ತಂಗಿ. ಹಿಂದಿನ ದಿನ ಬೆಳಗ್ಗೆಯೂ ಮಂಚದ ಮೇಲೇ ಚಮಚದ ತುದಿಯಷ್ಟು ಬಾಯಿಗಿಟ್ಟುಕೊಂಡು, “ಸರಿಯಾಗಿದೆ ಕಣೇ, ಹೋಗು, ಬಸ್ಸು ತಪ್ಪತ್ತೆ” ಎಂದಿದ್ದರು. ಆಕೆಯ ಜೊತೆ ಅವರು ನೆಟ್ಟಗೆ ಆಡಿದ ಕೊನೆಯ ಮಾತು ಅದು.

ಮೂರು ವಾರದ ಮೇಲೆ ಆಕೆ ಕೆಲಸಕ್ಕೆ ಮರಳಿದಳು. ಮನೆಯಲ್ಲಿ ಕೂತರೆ ಎದ್ದೇಳುವುದೇ ಇಲ್ಲವೇನೋ ಎಂಬ ಹೆದರಿಕೆಯೇ ಆಕೆಯನ್ನು ಹೊರಡಿಸಿತು. ಬೆಳಗ್ಗೆ ಮೊಟ್ಟೆ ಬೇಯಿಸಿದಳು, ಹಳದಿ ಅರೆದಳು, ಎಣ್ಣೆಯನ್ನು ಎಳೆಯಾಗಿ ಬಿಟ್ಟಳು. ಐದೂವರೆಯಾಯಿತು. ಮೇಜಿನ ಮುಂದಿನ ಕುರ್ಚಿ ಹಾಗೇ ಇತ್ತು. ಅಭ್ಯಾಸದಂತೆ ಸೌತೆಕಾಯಿಯ ಒಂದು ಬಿಲ್ಲೆ ಕತ್ತರಿಸಿದ್ದಳು. ಅದನ್ನು ಏನು ಮಾಡಬೇಕೆಂದು ತೋಚದೆ ತಾನೇ ತಿಂದಳು. ತಣ್ಣಗಿತ್ತು, ಕರುಂ ಎಂದಿತು. ಅಷ್ಟು ಬಿಟ್ಟರೆ ಬಾಯೊಳಗೆ ಏನೂ ಆಗಲಿಲ್ಲ.

ಉಪ್ಪು ಎಷ್ಟು? ಹನ್ನೊಂದು ಚಮಚಕ್ಕೆ ಬಂದು ನಿಂತಿತ್ತು. ಆದರೆ ಅದನ್ನು ದಿನದಿನಕ್ಕೆ ಹೇಳುತ್ತಿದ್ದವರು ಈಗಿಲ್ಲ. ತಾನಾಗಿ ಹನ್ನೊಂದು ಹಾಕಲು ಮನಸ್ಸು ಒಪ್ಪಲಿಲ್ಲ. ಕಪಾಟಿನ ಬಾಗಿಲು ತೆರೆದು, ಅಲ್ಲಿ ಅಂಟಿಸಿದ್ದ ಹಾಳೆಯನ್ನು ಮಗ್ಗಿ ಓದುವ ಮಗುವಿನಂತೆ ಬೆರಳಿಟ್ಟು ಓದಿ, ಅದರಲ್ಲಿದ್ದಷ್ಟನ್ನೇ ಹಾಕಿದಳು. ಡಬ್ಬಿಯನ್ನು ನಿಲ್ದಾಣದವರೆಗೆ ಎರಡು ಕಡೆ ಕೆಳಗಿಟ್ಟು ಕೈ ಬದಲಾಯಿಸಿ ಒಯ್ದಳು.

ಮಧ್ಯಾಹ್ನ ಊಟದ ಗದ್ದಲದ ನಡುವೆ ಮೇಡಂ ಒಂದು ಚಮಚ ಹಿಡಿದುಕೊಂಡು ಆಕೆಯ ಹತ್ತಿರ ಬಂದರು. ಅವರ ಕಣ್ಣಲ್ಲಿ ನೀರಿತ್ತು.

“ಡ್ರೆಸಿಂಗಮ್ಮ, ಬಂದ್ಬಿಟ್ರಲ್ಲ! ಮೊದಲಿನ ಹಾಗೇ ಆಗಿದೆ. ನನಗೆಷ್ಟು ಖುಷಿಯಾಯ್ತು ಗೊತ್ತಾ?”

“ಮೊದಲಿನ ಹಾಗೆ ಅಂದ್ರೆ?”

ಮೇಡಂ ನಾಲಿಗೆ ಕಚ್ಚಿಕೊಂಡರು. ಆದರೆ ಆಡಿದ ಮಾತು ಆಡಿಯಾಗಿತ್ತು.

“ಅದೇ… ನಾಲ್ಕೈದು ತಿಂಗಳಿಂದ ಸ್ವಲ್ಪ ಉಪ್ಪಾಗ್ತಿತ್ತು. ಮನೇಲಿ ಅಂಥ ಕಷ್ಟ ಇರೋವಾಗ ಯಾರ ಕೈ ತಾನೇ ಸರಿಯಾಗಿರತ್ತೆ? ಯಾರೂ ತುಟಿ ಬಿಚ್ಚಬಾರ್ದು ಅಂತ ಎಲ್ಲಾರಿಗೂ ನಾನೇ ಹೇಳಿದ್ದೆ.”

“ಸ್ವಲ್ಪ ಉಪ್ಪಾ?”

ಹಿಂದೆ ನಿಂತಿದ್ದ ಪಾತ್ರೆ ತೊಳೆಯುವ ಹೆಂಗಸು ಮೆಲ್ಲಗೆ ಹೇಳಿದಳು: “ಬಾಯಿಗಿಡೋಕಾಗ್ತಿರ್ಲಿಲ್ಲ ಅಕ್ಕ. ಕೊನೇ ಎರಡು ತಿಂಗಳು ಪೂರ್ತಿ ಮೋರಿಗೇ ಹೋಯ್ತು.”

ಆಕೆ ಏಪ್ರನ್ ಬಿಚ್ಚಿ, ಮಡಿಸಿ, ಗೂಟಕ್ಕೆ ಹಾಕುವ ಬದಲು ಕೈಯಲ್ಲೇ ಹಿಡಿದುಕೊಂಡು ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ನೂರ ನಲವತ್ತು ಜನ ಚಪ್ಪರಿಸಿ ತಿನ್ನುವ ಸದ್ದು. ಗಂಡ ಇದ್ದಾಗ ಕೆಟ್ಟುಹೋಗಿದ್ದು ಅವರು ಹೋದ ಮೇಲೆ ಸರಿಯಾಯಿತು. ಈ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿದರೂ ಅದಕ್ಕೆ ಅರ್ಥ ಸಿಗಲಿಲ್ಲ.

ಸಂಜೆ ಬಸ್ಸಿಳಿದು ಆಕೆ ಮನೆಗೆ ಹೋಗಲಿಲ್ಲ. ನೇರ ಹೊಲಿಗೆ ಅಂಗಡಿಗೆ ಹೋದಳು. ನಾದಿನಿ ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ಅತ್ತಿಗೆಯ ಮುಖ ನೋಡಿದ್ದೇ ಕತ್ತರಿ ಕೆಳಗಿಟ್ಟಳು.

“ಪುಟ್ಟಿ, ಒಂದು ಮಾತು ಕೇಳ್ತೀನಿ. ಮುಚ್ಚಿಡಬೇಡ. ನಿಮ್ಮಣ್ಣನಿಗೆ ರುಚಿ ಗೊತ್ತಾಗ್ತಿತ್ತಾ?”

ನಾದಿನಿ ಅಸ್ತರಿನ ಒಂದು ದಾರ ಕಿತ್ತಳು.

“ಇಲ್ಲ ಅತ್ತಿಗೆ. ಎರಡನೇ ಸಲ ಔಷಧಿ ಏರಿಸಿದ್ರಲ್ಲ, ಆವಾಗ್ಲೇ ಹೋಯ್ತು. ಮೊದಮೊದಲು ಅಣ್ಣನಿಗೂ ಗೊತ್ತಾಗ್ಲಿಲ್ಲ, ಉಪ್ಪೇ ಸಪ್ಪೆ ಅಂದ್ಕೊಂಡಿದ್ದ. ಆಮೇಲೆ ಡಾಕ್ಟ್ರು ಕೇಳಿದಾಗ ಹೇಳಿದ, ಬಾಯಲ್ಲಿ ಕಾಗದ ಇಟ್ಕೊಂಡ ಹಾಗಿರತ್ತೆ ಅಂತ.”

“ನನಗ್ಯಾಕೆ ಹೇಳ್ಲಿಲ್ಲ?”

“ನಾನೂ ಅದನ್ನೇ ಕೇಳ್ದೆ. ಅತ್ತಿಗೆಗೆ ಹೇಳಣ್ಣ, ಅಲ್ಲಿ ಜನ ಏನಂತಾರೋ ಅಂದೆ. ಅವನು ಬೇಡ ಅಂದ. ‘ಅವಳಿಗಿರೋದು ಒಂದೇ ನಾಲಿಗೆ, ಅದೂ ನಂದು. ಅದೂ ಹೋಯ್ತು ಅಂದ್ರೆ ನಾಳೆಯಿಂದ ಅವಳು ಸೌಟೇ ಮುಟ್ಟಲ್ಲ’ ಅಂದ.” ನಾದಿನಿಯ ದನಿ ಒಡೆಯಿತು. “ದಿನಾ ಬರೀ ಸರಿಯಾಗಿದೆ ಅಂದ್ರೆ ಅನುಮಾನ ಬರತ್ತಂತೆ. ಅದಕ್ಕೇ ಒಂದಿನ ಹುಳಿ ಜಾಸ್ತಿ ಅಂತೀನಿ, ಒಂದಿನ ಬೆಳ್ಳುಳ್ಳಿ ಅಂತೀನಿ ಅಂತ ಹೇಳಿ ನಕ್ಕ. ನಗ್ತಾನೇ ಹೇಳಿದ ಅತ್ತಿಗೆ. ಆದ್ರೆ ಬಸ್ಸಲ್ಲಿ ಬರೋವಾಗ ಕಿಟಕಿ ಕಡೆ ತಿರುಗ್ಕೊಂಡು ಅಳ್ತಿದ್ದ.”

ಆಕೆಗೆ ಮೊದಲು ಬಂದದ್ದು ಸಿಟ್ಟು. ಇಂಥ ಸಿಟ್ಟು ಬರುತ್ತದೆಂದು ಆಕೆಯೇ ಎಣಿಸಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಖಾಲಿ ಕುರ್ಚಿಯ ಎದುರು ನಿಂತು ಗಟ್ಟಿಯಾಗಿಯೇ ಬೈದಳು. “ಎಷ್ಟು ಜನರ ಬಾಯಿ ಕೆಡಿಸಿದ್ರಿ! ನನ್ನ ಮರ್ಯಾದೆ ಏನಾಯ್ತು? ದೊಡ್ಡ ಜಡ್ಜು ಥರ ಕಣ್ಣು ಮುಚ್ಕೊಂಡು ಕೂರ್ತಿದ್ರಲ್ಲ, ಒಂದು ಮಾತು ಹೇಳ್ಬಾರದಿತ್ತಾ?” ಬೈಯುತ್ತ ಬೈಯುತ್ತ ಮಾತು ತಡೆಯಿತು. ತಾನು ಪ್ರತಿ ಸಂಜೆ ಏನು ಹೇಳುತ್ತಿದ್ದೆ ಎಂಬುದು ನೆನಪಾಯಿತು. ಯಾರೂ ತಟ್ಟೆ ನೆಕ್ಕುವುದನ್ನು ಆಕೆ ಆ ತಿಂಗಳುಗಳಲ್ಲಿ ಕಂಡಿರಲಿಲ್ಲ. ಊಟದ ಹಜಾರದ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಳು. ಕಂಡರೆ ಹೇಳಬೇಕಾಗುತ್ತದಲ್ಲ! ಅವರಿಗೆ ಹೇಳಿದ್ದು ಸುಳ್ಳೆಂದು ಅವರಿಗೂ ಗೊತ್ತಿತ್ತೇ? ರುಚಿಯೇ ತಿಳಿಯದೆ ಉಪ್ಪು ಹಾಕಿಸಿದವರು, ಜನ ತಟ್ಟೆ ನೆಕ್ಕಿದರು ಎಂಬುದನ್ನು ಕೇಳಿ ಹೇಗೆ ನಂಬಿರಬೇಕು? ಆದರೂ ಪ್ರತಿ ಸಂಜೆ ಕೇಳಿದರು, ಪ್ರತಿ ಸಂಜೆ ನಕ್ಕರು. ಆಕೆ ನೆಲದ ಮೇಲೆ ಕುಸಿದು ಕೂತು, ಅವರು ಹೋದ ದಿನ ಬಾರದಿದ್ದ ಅಳುವನ್ನೆಲ್ಲ ಅತ್ತಳು.

ಮರುದಿನ ಡಬ್ಬಿಯನ್ನು ಒಯ್ಯಲಿಲ್ಲ. ಬರಿಗೈಯಲ್ಲಿ ಹೋಗಿ ಮೇಡಂ ಕೋಣೆಯಲ್ಲಿ ನಿಂತಳು.

“ನನಗೆ ಆರು ವರ್ಷದಿಂದ ವಾಸನೆ, ರುಚಿ ಎರಡೂ ಇಲ್ಲ ಮೇಡಂ. ಇಷ್ಟು ದಿನ ನಮ್ಮನೆಯವರ ನಾಲಿಗೆಯಲ್ಲಿ ಮಾಡ್ತಿದ್ದೆ.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅದಕ್ಕೇನಾ… ಆವತ್ತು ಅಡುಗೆಮನೇಲಿ ಗ್ಯಾಸ್ ಸೋರಿ ಎಲ್ಲಾರೂ ಹೊರಗೆ ಓಡಿದ್ರೆ ನೀವೊಬ್ರೇ ಒಲೆ ಹತ್ರ ನಿಂತಿದ್ರಿ. ಎಂಥ ಗುಂಡಿಗೆ ಅಂದ್ಕೊಂಡೆ ನಾನು.”

“ಗುಂಡಿಗೆ ಅಲ್ಲ ಮೇಡಂ. ಗೊತ್ತೇ ಆಗಿರ್ಲಿಲ್ಲ.”

ಇಬ್ಬರಿಗೂ ಒಂದು ಕ್ಷಣ ನಗು ಬಂತು. ಮೇಡಂ ಕೆಟ್ಟವರಲ್ಲ. ಆದರೆ ಹಳಸಿದ್ದು ಗೊತ್ತಾಗದವರನ್ನು, ಗ್ಯಾಸ್ ಸೋರಿದ್ದು ತಿಳಿಯದವರನ್ನು ಒಲೆಯ ಮುಂದೆ ಬಿಡುವಂತಿರಲಿಲ್ಲ. ಆಕೆಯೇ ಅದನ್ನು ಹೇಳಿ ಮೇಡಂಗೆ ಕಷ್ಟ ತಪ್ಪಿಸಿದಳು. ತರಕಾರಿ ಹೆಚ್ಚುವ ಮೇಜಿಗೆ ಆಕೆಯನ್ನು ಹಾಕಿದರು. ಡ್ರೆಸಿಂಗ್ ಕಲಿಯಲು ಒಲೆಯ ಕಡೆಯಿಂದ ಒಬ್ಬ ಅಡುಗೆಯವನನ್ನು ಕೊಟ್ಟರು. ನಲವತ್ತು ದಾಟಿದ ಧಡೂತಿ ಆಳು. ಎಲ್ಲವನ್ನೂ ಅವಸರದಲ್ಲೇ ಮಾಡುವವನಾದ್ದರಿಂದ ಅವನನ್ನು ಎಲ್ಲರೂ ಎಕ್ಸ್‌ಪ್ರೆಸ್ಸು ಎನ್ನುತ್ತಿದ್ದರು.

ಮೊದಲ ನಾಲ್ಕು ದಿನ ನಾಲ್ಕು ಸಲ ಒಡೆಸಿದ.

“ಎಣ್ಣೆ ಸುರೀತಿದೀಯಾ, ಬಕೆಟ್ಟಿಗೆ ನೀರು ಬಿಡ್ತಿದೀಯಾ? ನಿಧಾನ ಮಾರಾಯ! ಬಸ್ಸೇನೂ ಹೋಗ್ತಿಲ್ಲ.”

“ಮಿಕ್ಸಿಗೆ ಹಾಕಿದ್ರೆ ಎರಡು ನಿಮಿಷ ಅಕ್ಕ.”

“ಆಮೇಲೆ ಹಾಕ್ಕೋ. ಮೊದ್ಲು ಕೈಗೆ ಗೊತ್ತಾಗ್ಲಿ.”

ಒಡೆದದ್ದನ್ನು ಹೇಗೆ ಉಳಿಸಬೇಕೆಂದೂ ತೋರಿಸಿದಳು: ಇನ್ನೊಂದು ಪಾತ್ರೆಯಲ್ಲಿ ಹೊಸ ಹಳದಿ ಅರೆದುಕೊಂಡು, ಒಡೆದದ್ದನ್ನೇ ಚಮಚ ಚಮಚವಾಗಿ ಅದಕ್ಕೆ ಸೇರಿಸುತ್ತ ಬರಬೇಕು. ಐದನೆಯ ದಿನ ಸೌಟಿನ ಬೆನ್ನ ಮೇಲೆ ಅವನು ಎಳೆದ ಗೀರು ನಿಂತಿತು. ಅವನು ಒಂದು ಚಮಚ ಬಾಯಿಗಿಟ್ಟುಕೊಂಡ. ಆಕೆ ಅವನ ಮುಖವನ್ನೇ ನೋಡುತ್ತ ನಿಂತಳು.

“ಚೆನ್ನಾಗಿದೆ ಅಕ್ಕ.”

“ನನ್ನ ಮುಖ ನೋಡ್ಕೊಂಡು ಹೇಳ್ಬೇಡ. ಬಾಯಲ್ಲಿ ಏನಿದೆಯೋ ಅದನ್ನ ಹೇಳು.”

ಅವನು ಮತ್ತೊಂದು ಚಮಚ ತಿಂದು, ಹುಬ್ಬು ಗಂಟಿಕ್ಕಿ, “ಉಪ್ಪು ಕಮ್ಮಿ. ಸಾಸಿವೆ ಸ್ವಲ್ಪ ಕಹಿ” ಎಂದ.

“ಹಾಂ. ದಿನಾ ಹೀಗೇ ಹೇಳ್ಬೇಕು. ನಿನಗೆ ಜ್ವರ ಬಂದು ಬಾಯಿ ಕೆಟ್ಟಿದ್ರೆ ಅದನ್ನೂ ಹೇಳ್ಬೇಕು. ಬೇರೆ ಯಾರಿಗಾದ್ರೂ ಕೊಟ್ಟು ನೋಡಿಸ್ಬೇಕು. ನಾಚ್ಕೋಬಾರದು.”

ಮುಂದೆ ಏಳು ವರ್ಷ ಆಕೆ ತರಕಾರಿಯ ಮೇಜಿನಲ್ಲೇ ಇದ್ದಳು. ಸೌತೆಕಾಯಿಯನ್ನು ಎಷ್ಟು ಸಮನಾಗಿ ಹೆಚ್ಚುತ್ತಿದ್ದಳೆಂದರೆ, ಗಾಜು ಉಜ್ಜುವವರು ಬಿಲ್ಲೆಗಳನ್ನು ಬೆಳಕಿಗೆ ಹಿಡಿದು, “ಇದಕ್ಕೆ ಫ್ರೇಮ್ ಹಾಕ್ಬಹುದು” ಎಂದು ತಮಾಷೆ ಮಾಡುತ್ತಿದ್ದರು. ಆಕೆಯೂ ನಗುತ್ತಿದ್ದಳು. ಈಗ ಎಲ್ಲರ ಜೊತೆ ಹಜಾರದಲ್ಲೇ ಊಟಕ್ಕೆ ಕೂರುತ್ತಿದ್ದಳು. ಭಾನುವಾರ ನಾದಿನಿ ಬರುವಳು, ಇಲ್ಲವೇ ಈಕೆ ಅಂಗಡಿಗೆ ಹೋಗುವಳು. ಇಬ್ಬರೂ ಕೂಡಿ ಏನಾದರೂ ಬೇಯಿಸಿಕೊಂಡು ತಿನ್ನುವರು. ಮನೆಯಲ್ಲಿ ಡ್ರೆಸಿಂಗನ್ನು ಮಾತ್ರ ಆಕೆ ಮತ್ತೆ ಮಾಡಲಿಲ್ಲ. ನಾದಿನಿ ಒಮ್ಮೆ ಆಸೆಪಟ್ಟು ಕೇಳಿದಾಗಲೂ, “ಬೇಡ ಪುಟ್ಟಿ, ಕೈ ಏಳಲ್ಲ” ಎಂದಳು. ನಾದಿನಿ ಆಮೇಲೆ ಕೇಳಲಿಲ್ಲ.

ಆಕೆ ಕೆಲಸ ಬಿಡುವ ವರ್ಷ ಹೊಸದಾಗಿ ಸೇರಿದ ಒಬ್ಬ ಹೆಣ್ಣುಮಗಳು ಊಟಕ್ಕೆ ಪಕ್ಕದಲ್ಲಿ ಕೂತಳು. ಹಳೆಯ ಕಥೆ ಒಂದೂ ಅವಳಿಗೆ ಗೊತ್ತಿರಲಿಲ್ಲ. ಸಲಾಡಿನ ತಟ್ಟೆಯನ್ನು ಮುಂದಕ್ಕೆ ಸರಿಸಿ, “ಇದು ಹೇಗಿರತ್ತಮ್ಮ, ತಿನ್ಬಹುದಾ?” ಎಂದು ಕೇಳಿದಳು.

“ನನಗೆ ರುಚಿ ಗೊತ್ತಾಗಲ್ಲ ಮಗಳೇ” ಎಂದಳು ಆಕೆ. “ನಮ್ಮನೆಯವರು ಇದ್ದಿದ್ರೆ ಹೇಳ್ತಿದ್ರು.”

ಆ ಹೆಣ್ಣುಮಗಳು ತನ್ನ ತಟ್ಟೆಗೆ ಒಂದಿಷ್ಟು ಬಡಿಸಿಕೊಂಡು, ಆಕೆಯ ತಟ್ಟೆಗೂ ಒಂದು ಚಮಚ ಹಾಕಿದಳು. ಇಬ್ಬರೂ ತಿನ್ನತೊಡಗಿದರು.